ಬಾಯ್ಲರ್ ರೂಮಿನ ಮಾವ

ಮೊನ್ನೆ ಬೆಳಗ್ಗೆ ಸೊಸೆ ಕುಕ್ಕರಿಗೆ ಹೊಸ ರಬ್ಬರ್ ಹಾಕಿ ಇಡ್ಲಿ ಬೇಯಲು ಇಟ್ಟಿದ್ದಳು. ಕುಮಾರಸ್ವಾಮಿ ಲೇಔಟಿನ ನಮ್ಮ ಮನೆಯಲ್ಲಿ ಅಡುಗೆಮನೆಗೂ ಹಾಲಿಗೂ ನಡುವೆ ಗೋಡೆಯಿಲ್ಲ. ಈಗಿನವರಿಗೆ ಅದೇ ಚೆಂದ. ಪೇಪರ್ ಹಿಡಿದು ಕುಳಿತಿದ್ದವನ ಮೂಗಿಗೆ ಬಿಸಿ ರಬ್ಬರಿನ ವಾಸನೆಯೂ ಹುಳಿ ಹಿಟ್ಟಿನ ವಾಸನೆಯೂ ಒಟ್ಟಿಗೆ ಬಂದು ಹೊಡೆದವು. ಬಾಯಿಗೆ ಟವೆಲ್ಲು ಒತ್ತಿಕೊಂಡೆ. ಎದ್ದು ಗೇಟಿನ ಹತ್ತಿರ ಹೋಗಿ ನಿಂತೆ. "ನಿಮ್ಮಪ್ಪಂಗೆ ಮತ್ತೆ ಗ್ಯಾಸ್ಟ್ರಿಕ್" ಎಂದು ಸೊಸೆ ಮಗನಿಗೆ ಹೇಳಿದ್ದು ಕೇಳಿಸಿತು. ಗ್ಯಾಸ್ಟ್ರಿಕ್ ಅಲ್ಲಮ್ಮಾ ಎನ್ನಬೇಕೆನಿಸಿತು. ಹೇಳಿದ್ದರೆ ಆ ದಿನ ಮನೆಯಲ್ಲಿ ಯಾರೂ ತಿಂಡಿ ತಿನ್ನುತ್ತಿರಲಿಲ್ಲ.

ಅದು ಒಂದು ಆಸ್ಪತ್ರೆಯ ಬಾಯ್ಲರ್ ರೂಮಿನ ವಾಸನೆ. ಆ ವಾಸನೆ ಬಂದರೆ ಅದರ ಬೆನ್ನಿಗೇ ಮಾವ ಬರುತ್ತಾರೆ, ಹೆಗಲ ಮೇಲೆ ಒದ್ದೆ ಟವೆಲ್ಲು, ಕೈಯಲ್ಲಿ ಮುಚ್ಚಿದ ತಟ್ಟೆ... ನನಗೆ ಅವರು ಮಾವನಲ್ಲ. ಯಾರಿಗೂ ಅಲ್ಲ. ಆ ಆಸ್ಪತ್ರೆಯಲ್ಲಿ ನರ್ಸುಗಳಿಗೂ ರೋಗಿಗಳಿಗೂ ತೋಟದ ಮಾಲಿಗೂ ಅವರು ಮಾವ. ಆಪರೇಷನ್ ಥಿಯೇಟರಿನ ಅಟೆಂಡರು ಅವರು. ಕತ್ತರಿ, ಚಿಮಟ, ಬಟ್ಟೆ, ಹತ್ತಿ ಎಲ್ಲವನ್ನೂ ಆವಿಯಲ್ಲಿ ಬೇಯಿಸಿ ಶುದ್ಧ ಮಾಡಿ ಒಳಗೆ ಕೊಡುವುದು ಅವರ ಕೆಲಸ.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಕಂಟೋನ್ಮೆಂಟಿನ ಒಂದು ಕಂಪನಿಯಲ್ಲಿ ಮೆಕ್ಯಾನಿಕ್ ಆಗಿದ್ದೆ. ಆಸ್ಪತ್ರೆಗಳಿಗೆ ಯಂತ್ರ ಮಾರುವುದು, ಮಾರಿದ್ದನ್ನು ರಿಪೇರಿ ಮಾಡಿಕೊಡುವುದು ಕಂಪನಿಯ ವ್ಯಾಪಾರ. ಮಾರುವವರು ಟೈ ಕಟ್ಟಿಕೊಂಡು ಟ್ಯಾಕ್ಸಿಯಲ್ಲಿ ಹೋಗುತ್ತಿದ್ದರು. ರಿಪೇರಿಗೆ ಹೋಗುವವನಿಗೆ ಸೈಕಲ್ಲು, ಕ್ಯಾರಿಯರಿಗೆ ಬಿಗಿದ ಸ್ಪ್ಯಾನರಿನ ಚೀಲ. ಊರಿನ ದಕ್ಷಿಣದ ಕಡೆಯೆಲ್ಲ ನನ್ನ ಪಾಲಿಗೆ ಬಿದ್ದಿತ್ತು.

ಈ ಕೆಲಸದಲ್ಲಿ ಏನೇನು ನೋಡಬೇಕಾಗುತ್ತದೆ ಎಂದು ಸೇರುವಾಗ ಯಾರೂ ಹೇಳಿರಲಿಲ್ಲ. ಗಂಟಲಿನ ಕಫ, ರಕ್ತ ಎಳೆಯುವ ಸಕ್ಷನ್ ಮೆಷಿನ್ ಕೆಟ್ಟಿದೆಯೆಂದು ಕರೆಯುತ್ತಿದ್ದರು. ಹೋಗಿ ನೋಡಿದರೆ ಅದರ ಬಾಟಲಿ ತೊಳೆದು ಯಾವ ಕಾಲವಾಗಿತ್ತೋ. ಒಳಗಿದ್ದದ್ದು ಕೆಟ್ಟ ಮೊಸರಿನ ಹಾಗೆ ಅಲುಗುತ್ತಿತ್ತು. ಎಕ್ಸ್‌ರೇ ಮೆಷಿನ್ನಿನ ಹೊಟ್ಟೆ ಬಿಚ್ಚಿದರೆ ಜಿರಲೆಗಳ ತುಂಬಿದ ಸಂಸಾರ. ಒಂದು ಸಲ ಸಕ್ಷನ್ ಕೊಳವೆಯೊಳಗೆ ಯಾರದೋ ಹಲ್ಲು ಸಿಕ್ಕಿತು. ಅದನ್ನು ಕಾಗದದಲ್ಲಿ ಸುತ್ತಿ ನರ್ಸಿಗೆ ಕೊಡಲು ಹೋದರೆ ಆಕೆ ಮೂಗು ಮುಚ್ಚಿಕೊಂಡು ನನ್ನನ್ನೇ ಬೈದಳು. ದೇಹವೇ ದೇಗುಲ ಎಂದು ಹೇಳುವವರಿಗೆ ಆ ಬಾಟಲಿಯನ್ನು ಒಮ್ಮೆ ತೊಳೆಯಲು ಕೊಡಬೇಕು ಎಂದು ನನಗೆ ಆಗ ಅನಿಸುತ್ತಿತ್ತು. ಈಗಲೂ ಅನಿಸುತ್ತದೆ. ಮನೆಗೆ ಬಂದು ಸೋಪು ಸವೆಯುವಷ್ಟು ಕೈ ತೊಳೆದರೂ ಅನ್ನ ಕಲಸುವಾಗ ಬೆರಳಿನ ನೆನಪು ಹೋಗುತ್ತಿರಲಿಲ್ಲ. ಕೊನೆಗೆ ಚಮಚದಲ್ಲಿ ಉಣ್ಣಲು ಶುರುಮಾಡಿದೆ. ಇವನು ಯಾವಾಗ ದೊರೆಯಾದ ಎಂದು ಅಮ್ಮ ಆಡಿಕೊಂಡಳು.

ಇಂಥ ಕೆಲಸದ ನಡುವೆ ಮಾವನ ಆಸ್ಪತ್ರೆಗೆ ಹೋಗುವ ದಿನವೆಂದರೆ ನನಗೆ ಹಬ್ಬ. ಜಯನಗರ ಆಗಿನ್ನೂ ಹೊಸ ಬಡಾವಣೆ. ಕಲ್ಲು ನೆಟ್ಟ ಸೈಟುಗಳು, ಲಂಟಾನ ಪೊದೆ, ಅಲ್ಲೊಂದು ಇಲ್ಲೊಂದು ಹೆಂಚಿನ ಮನೆ. ಟ್ರಸ್ಟಿನವರು ಕಟ್ಟಿಸಿದ್ದ ಆ ಸಣ್ಣ ಆಸ್ಪತ್ರೆ ಬಡಾವಣೆ ಮುಗಿದು ಹೊಲ ಶುರುವಾಗುವ ಕಡೆ ಇತ್ತು. ಬಸವನಗುಡಿ ಕಡೆಯ ಸಂಬಳದವರೂ ಬರುತ್ತಿದ್ದರು, ಸುತ್ತಲ ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಒಕ್ಕಲಿನವರೂ ಬರುತ್ತಿದ್ದರು. ಸುಣ್ಣ ಹೊಡೆದ ಗೋಡೆ, ಫಿನಾಯಿಲ್ ಹಾಕಿ ಉಜ್ಜಿದ ನೆಲ. ಎಲ್ಲಿಯೂ ಒಂದು ಕಸವಿಲ್ಲ. ನಾನು ನೋಡಿದ ಆಸ್ಪತ್ರೆಗಳಲ್ಲೆಲ್ಲ ಇದೊಂದೇ ಶುಭ್ರ ಎಂದು ಊರೆಲ್ಲ ಸಾರಿಕೊಂಡು ತಿರುಗಿದವನು ನಾನು. ನಗಬೇಕೋ ಉಗಿಯಬೇಕೋ ತಿಳಿಯದು.

ಅಲ್ಲಿಗೆ ಆಟೋಕ್ಲೇವ್ ಕೂರಿಸಿ ಬಂದವನೂ ನಾನೇ. ಅಡ್ಡ ಮಲಗಿಸಿದ ದೊಡ್ಡ ಪ್ರೆಷರ್ ಕುಕ್ಕರ್ ಎಂದುಕೊಂಡರೆ ಸಾಕು. ಎಲ್ಲರೂ ಅದನ್ನು ಬಾಯ್ಲರ್ ಎನ್ನುತ್ತಿದ್ದರು. ಮಾವನಿಗೆ ನಡೆಸುವುದನ್ನು ಹೇಳಿಕೊಟ್ಟಾಗ ಅವರು ಕೈ ಕಟ್ಟಿಕೊಂಡು ನಿಂತು ಕೇಳಿದರು. ಇದರೊಳಗೆ ಹೋಗಿ ಬಂದದ್ದೆಲ್ಲ ಶುದ್ಧ, ಒಂದು ಕ್ರಿಮಿಯೂ ಉಳಿಯುವುದಿಲ್ಲ ಎಂದೆ. ಅವರು ಯಂತ್ರಕ್ಕೆ ಕೈ ಮುಗಿದರು. ಮುಂದಿನ ಸಲ ಹೋದಾಗ ಅದರ ಹಣೆಗೆ ಕುಂಕುಮವಿತ್ತು.

ದುಂಡು ಮೈ, ಬಿಳಿ ಪಂಚೆ, ತೋಳಿಲ್ಲದ ಬನಿಯನ್ನು, ಸದಾ ಬೆವರು. ಆಸ್ಪತ್ರೆಗೆ ಸೇರುವ ಮುಂಚೆ ಯಾವುದೋ ಛತ್ರದಲ್ಲಿ ಅಡುಗೆ ಮಾಡುತ್ತಿದ್ದರಂತೆ. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಆಸ್ಪತ್ರೆಯ ಹಿಂದೆ ಒಂದು ಕೋಣೆ, ಅದರ ಮುಂದೆ ಒರಳುಕಲ್ಲು. ಯಾರಾದರೂ ಎದುರಿಗೆ ಬಂದರೆ ಅವರ ಮೊದಲ ಪ್ರಶ್ನೆ ತಿಂಡಿ ಆಯ್ತಾ ಎಂದು. ಆಗಿಲ್ಲವೆಂದರೆ ಅವರ ಮುಖ ಅರಳುತ್ತಿತ್ತು.

ನಾನು ಹೋದರೆ ಚೀಲ ಇಳಿಸಲು ಬಿಡುತ್ತಿರಲಿಲ್ಲ. "ಮೊದ್ಲು ತಿಂಡಿ, ಆಮೇಲೆ ಕೆಲ್ಸ ಮೆಕ್ಯಾನಿಕ್ ಸಾರ್" ಎಂದು ಬೆಂಚಿನ ಮೇಲೆ ಕೂರಿಸಿ ತಟ್ಟೆ ಕೊಡುತ್ತಿದ್ದರು. ಇಡ್ಲಿ. ಗ್ಲೂಕೋಸ್ ಡಬ್ಬಿಯಿಂದ ಚಟ್ನಿಪುಡಿ, ಅದಕ್ಕೆ ಗುಳಿ ಮಾಡಿ ಎಣ್ಣೆ. ಆ ಇಡ್ಲಿ ಮುಟ್ಟಿದರೆ ಕುಗ್ಗಿ ಬಿಟ್ಟರೆ ಏಳುತ್ತಿತ್ತು. ಅದರ ಮೈಮೇಲೆ ಬಟ್ಟೆಯ ಎಳೆಗಳ ಅಚ್ಚು ಕಾಣುತ್ತಿತ್ತು. ನಮ್ಮಜ್ಜಿಯೂ ತಟ್ಟೆಗೆ ಬಟ್ಟೆ ಹಾಸಿ ಇಡ್ಲಿ ಹುಯ್ಯುತ್ತಿದ್ದುದರಿಂದ ಇದೂ ಬಟ್ಟೆ ಇಡ್ಲಿ ಎಂದುಕೊಂಡು ಬಡಿಸಿದಷ್ಟು ಬಾರಿಸುತ್ತಿದ್ದೆ. ಕೈಯಲ್ಲೇ ತಿನ್ನುತ್ತಿದ್ದೆ, ಚಮಚ ಬೇಕೆನಿಸುತ್ತಿರಲಿಲ್ಲ. ಎಲ್ಲಿ ಬೇಯಿಸುತ್ತೀರಿ ಎಂದು ಕೇಳಬೇಕೆಂದು ಯಾರಿಗಾದರೂ ಹೊಳೆಯುತ್ತದೆಯೇ? ಹಿಂದೆ ಕೋಣೆಯಿದೆ, ಕೋಣೆಯಲ್ಲಿ ಒಲೆಯಿರುತ್ತದೆ.

ತಿನ್ನುತ್ತಿದ್ದವನು ನಾನೊಬ್ಬನೇ ಅಲ್ಲ. ದೊಡ್ಡ ಡಾಕ್ಟರು, ಅಂದರೆ ಆಪರೇಷನ್ ಮಾಡುವವರೂ ಆಸ್ಪತ್ರೆಯ ಯಜಮಾನಿಕೆ ನೋಡಿಕೊಳ್ಳುವವರೂ ಆಗಿದ್ದವರು, ಬೆಳಗ್ಗೆ ಥಿಯೇಟರಿಗೆ ಹೋಗುವ ಮುಂಚೆ ಮಾವನ ಇಡ್ಲಿ ತಿಂದೇ ಹೋಗುತ್ತಿದ್ದರು. ಟ್ರಸ್ಟಿನವರು ಮೀಟಿಂಗಿಗೆ ಬಂದರೆ ಅವರಿಗೂ ಅದೇ. ನಮ್ಮ ಥಿಯೇಟರಿನ ಸ್ಪೆಷಲ್ಲು ಎಂದು ಡಾಕ್ಟರು ನಗುತ್ತ ಹೇಳುತ್ತಿದ್ದರು. ತಮಾಷೆ ಎಂದುಕೊಂಡು ನಾವೂ ನಗುತ್ತಿದ್ದೆವು. ಅವರು ನಿಜವನ್ನೇ ಹೇಳುತ್ತಿದ್ದರು ಎಂದು ಆಮೇಲೆ ಗೊತ್ತಾಯಿತು.

ಎಲ್ಲಕ್ಕಿಂತ ಹೆಚ್ಚಾಗಿ ತಿನ್ನುತ್ತಿದ್ದವರು ರೋಗಿಗಳು. ಆಪರೇಷನ್ ಆದವರಿಗೆ ಆಸ್ಪತ್ರೆಯ ಕಂಟ್ರಾಕ್ಟು ಅಡುಗೆಯವನು ಹಾಲು ಬ್ರೆಡ್ಡು ಕೊಡುತ್ತಿದ್ದ. ಹಳ್ಳಿಯವರಿಗೆ ಆ ಬ್ರೆಡ್ಡು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅವರಿಗಾಗಿಯೇ ಮಾವ ಇಡ್ಲಿ ಶುರುಮಾಡಿದ್ದಂತೆ. ಮೆತ್ತಗಿರುತ್ತದೆ, ಅರಗುತ್ತದೆ ಎಂದು. ಹಾಸಿಗೆಯ ಪಕ್ಕ ಕುಳಿತು ಮುರಿದು ಹಾಲಿನಲ್ಲಿ ನೆನೆಸಿ ತಿನ್ನಿಸುತ್ತಿದ್ದರು.

ಆ ವರ್ಷ ವಾರ್ಡಿನಲ್ಲಿ ಗಾಯಗಳು ಮಾಯುವುದನ್ನು ನಿಲ್ಲಿಸಿದವು. ಹರ್ನಿಯಾ, ಅಪೆಂಡಿಕ್ಸು, ಹೆರಿಗೆಯ ಆಪರೇಷನ್ನು, ಯಾವುದಾದರೇನು, ಹೊಲಿಗೆಯಲ್ಲಿ ಕೀವು. ವಾರದಲ್ಲಿ ಮನೆಗೆ ಹೋಗಬೇಕಾದವರು ತಿಂಗಳಾದರೂ ಮಂಚ ಬಿಡುತ್ತಿರಲಿಲ್ಲ. ಹೊರಗೆ ಫಿನಾಯಿಲ್ ಘಮಘಮ ಎನ್ನುತ್ತಿದ್ದರೂ ವಾರ್ಡಿನ ಬಾಗಿಲು ತೆರೆದರೆ ಸಿಹಿ ಸಿಹಿಯಾದ ಕೊಳೆತ ವಾಸನೆ ಬರುತ್ತಿತ್ತು. ಡ್ರೆಸ್ಸಿಂಗ್ ಬಿಚ್ಚಿದ ಬೇಸಿನ್ನನ್ನು ಬಾಗಿಲಾಚೆ ಇಡುತ್ತಿದ್ದರು, ಅದರ ಮೇಲೆ ಹಸಿರು ನೊಣ. ನಾನು ಉಸಿರು ಹಿಡಿದುಕೊಂಡು ದಾಟುತ್ತಿದ್ದೆ.

ದೊಡ್ಡ ಡಾಕ್ಟರಿಗೆ ಕಾರಣ ಗೊತ್ತಿತ್ತು. ಹಳ್ಳಿಯವರ ಕೊಳಕು. ಇವರು ಪಟ್ಟಿಯೊಳಗೆ ಕೈ ಹಾಕಿ ಕೆರೆದುಕೊಳ್ಳುತ್ತಾರೆ, ಕದ್ದು ಸೊಪ್ಪಿನ ರಸ ಹಿಂಡುತ್ತಾರೆ, ಸ್ನಾನವೆಂದರೆ ಇವರಿಗೆ ಶತ್ರು ಎಂದು ವರಾಂಡದಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದರು. ಬಸವನಗುಡಿಯ ರಿಟೈರ್ಡ್ ಮೇಷ್ಟ್ರೊಬ್ಬರ ಗಾಯವೂ ಕೀವಾಗಿತ್ತಲ್ಲ, ಅವರು ಎಲ್ಲಿ ಕೆರೆದುಕೊಂಡರು ಎಂದು ಕೇಳುವ ಧೈರ್ಯ ಯಾರಿಗಿತ್ತು?

ಮೂಲೆಯ ಮಂಚದಲ್ಲಿ ಬಿಳೇಕಹಳ್ಳಿಯ ಒಬ್ಬ ಹುಡುಗಿ ಇದ್ದಳು. ಚೊಚ್ಚಲ ಹೆರಿಗೆ, ಹೊಟ್ಟೆ ಕುಯ್ದು ಮಗು ತೆಗೆದಿದ್ದರು. ಮಗು ಚೆನ್ನಾಗಿತ್ತು. ಅವಳ ಹೊಲಿಗೆ ಮಾತ್ರ ಬಿಟ್ಟುಕೊಂಡು ಜ್ವರ ಏರಿತ್ತು. ಗಂಡ ಬೆಳಗ್ಗೆ ಸೊಪ್ಪು ಹೊತ್ತು ಮಾರುಕಟ್ಟೆಗೆ ಹೋಗಿ, ಬರುವಾಗ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತಿರುತ್ತಿದ್ದ. ಅವಳು ಯಾರು ಕೊಟ್ಟರೂ ತಿನ್ನುತ್ತಿರಲಿಲ್ಲ, ಮಾವ ಹೋದರೆ ಬಾಯಿ ತೆರೆಯುತ್ತಿದ್ದಳು. "ಇನ್ನೊಂದ್ ಚೂರು, ನಿನ್ ಮಗೀಗೆ ಹಾಲು ಬೇಡ್ವಾ?" ಎಂದು ಅವರು ರಮಿಸುವುದನ್ನು ಕಿಟಕಿಯಾಚೆಯಿಂದ ನೋಡಿದ್ದೇನೆ. ದಿನ ಕಳೆದಂತೆ ಅವಳ ಮುಖ ಮೇಣದ ಹಾಗಾಗುತ್ತಿತ್ತು. ಮಾವ ಅವಳಿಗಾಗಿ ಹಿಟ್ಟನ್ನು ಇನ್ನಷ್ಟು ನುಣ್ಣಗೆ ರುಬ್ಬುತ್ತಿದ್ದರು.

ನನ್ನನ್ನು ಕರೆಸಿದ್ದು ಗಾಯಗಳ ವಿಷಯಕ್ಕಲ್ಲ. ಬಾಯ್ಲರಿನ ಬಾಗಿಲಿನ ರಬ್ಬರು ಸವೆದು ಆವಿ ಸೋರುತ್ತಿತ್ತು. ಎಂದಿನಂತೆ ಮೊದಲು ಇಡ್ಲಿ ಆಯಿತು. ಮಾವ ಥಿಯೇಟರಿನೊಳಗೆ ಹೋದರು. ನಾನು ಹೊಸ ರಬ್ಬರು ಹಾಕಿ, ಬಟ್ಟೆ ತುಂಬಿದ ಡ್ರಮ್ಮುಗಳನ್ನು ಒಳಗಿಟ್ಟು ಕಾಯಿಸಿ ನೋಡಿದೆ. ಒತ್ತಡ ತೋರಿಸುವ ಮುಳ್ಳು ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿತು. ಹೊತ್ತು ಮುಗಿದ ಮೇಲೆ ಬಾಗಿಲು ತೆರೆದು ಕೆಳಗಿನ ಡ್ರಮ್ಮಿಗೆ ಕೈ ಹಾಕಿದರೆ ನಡುವಿನ ಬಟ್ಟೆ ಉಗುರುಬೆಚ್ಚಗಿತ್ತು. ಕೈ ಸುಡಬೇಕಾದ್ದು ಉಗುರುಬೆಚ್ಚಗೆ!

ಆ ಯಂತ್ರದಲ್ಲಿ ಆವಿ ಮೇಲಿನಿಂದ ತುಂಬಿಕೊಂಡು ತಣ್ಣನೆಯ ಗಾಳಿಯನ್ನು ಕೆಳಗಿನ ಒಂದು ತೂತಿನಿಂದ ಹೊರಗೆ ದಬ್ಬುತ್ತದೆ. ತೂತಿನ ಬಾಯಿಗೆ ಒಂದು ಜರಡಿ. ಜರಡಿ ಕಟ್ಟಿಕೊಂಡರೆ ಗಾಳಿ ತಳದಲ್ಲೇ ಕೂರುತ್ತದೆ. ಮೇಲೆ ಮುಳ್ಳು ಸರಿಯಾಗಿಯೇ ತೋರಿಸುತ್ತದೆ, ತಳದಲ್ಲಿದ್ದದ್ದು ಬೇಯುವುದೇ ಇಲ್ಲ. ಜರಡಿಯನ್ನು ತಪ್ಪದೆ ತೆಗೆದು ತೊಳೆಯಬೇಕೆಂದು ಬಾಗಿಲಿನ ತಗಡಿನ ಮೇಲೆ ಇಂಗ್ಲಿಷಿನಲ್ಲಿ ಕೆತ್ತಿತ್ತು. ಮಾವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಬರುವವರು ಆ ರೂಮಿಗೆ ಇಡ್ಲಿಗೆ ಮಾತ್ರ ಬರುತ್ತಿದ್ದರು.

ಜರಡಿ ಕೈಗೆ ಬರಲಿಲ್ಲ. ಸ್ಕ್ರೂಡ್ರೈವರ್ ಹಾಕಿ ಮೀಟಿದೆ. ಪದರ ಪದರವಾಗಿ ಕಟ್ಟಿದ ಬೂದುಬಣ್ಣದ ಗಟ್ಟಿ ಮುದ್ದೆಯೊಂದು ಕಿತ್ತು ಬಂತು. ಒಳಗಿನ ಪದರ ಕಪ್ಪು, ಅದರ ಮೇಲೆ ಹಳದಿ, ಮೇಲಿನದು ಇನ್ನೂ ಹಸಿ, ಬಿಳಿ, ಲೋಳೆ ಲೋಳೆ. ಅದರಲ್ಲಿ ಗಾಯಕ್ಕೆ ಹಾಕುವ ಗಾಜ್ ಬಟ್ಟೆಯ ಎಳೆಗಳು ಸಿಕ್ಕಿಕೊಂಡಿದ್ದವು. ಏನೋ ದೇಹದಿಂದ ಬಂದದ್ದು ಎಂದುಕೊಂಡೆ. ಎಂಥೆಂಥದನ್ನೋ ನೋಡಿದವನು ನಾನು, ಮೂಗಿನ ಹತ್ತಿರ ತಂದೆ. ಹುಳಿ. ಉದ್ದಿನ ಬೇಳೆ. ಮೆಂತ್ಯ...

ದೇಹದ್ದಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಸುತ್ತ ನೋಡಿದೆ. ಶೆಲ್ಫಿನ ಕೆಳಗೆ ಔಷಧಿ ಹುಯ್ಯುವ ಎನಾಮಲ್ ಬಟ್ಟಲುಗಳು ಬೋರಲಾಗಿದ್ದವು, ಒಂದೊಂದೂ ಇಡ್ಲಿಯ ಅಳತೆ. ಅದರ ಪಕ್ಕದ ತಂತಿಯ ಮೇಲೆ ಚೌಕವಾಗಿ ಕತ್ತರಿಸಿದ ಗಾಜ್ ಬಟ್ಟೆಗಳು ಸಾಲಾಗಿ ಒಣಗುತ್ತಿದ್ದವು. ಆ ಕಾಲದಲ್ಲಿ ಗಾಯಕ್ಕೆ ಕಟ್ಟಿ ಬಿಚ್ಚಿದ ಗಾಜ್ ಬಟ್ಟೆಯನ್ನು ಎಸೆಯುತ್ತಿರಲಿಲ್ಲ, ಒಗೆದು ಕುದಿಸಿ ಮತ್ತೆ ಕಟ್ಟುತ್ತಿದ್ದರು. ತಂತಿಯ ಮೇಲಿದ್ದದ್ದರಲ್ಲಿ ಯಾವುದು ಇಡ್ಲಿಯದು, ಯಾವುದು ಹೊಟ್ಟೆಯದು? ನಾನು ಹೊರಗೆ ಓಡಿ ಲಂಟಾನ ಪೊದೆಯ ಬುಡದಲ್ಲಿ ಬೆಳಗಿನಿಂದ ತಿಂದದ್ದನ್ನೆಲ್ಲ ಕಾರಿಕೊಂಡೆ. ಹಳೆಯದನ್ನೆಲ್ಲ, ತಿಂಗಳುಗಟ್ಟಲೆ ತಿಂದದ್ದನ್ನೆಲ್ಲ ಕಾರಿಕೊಳ್ಳುವ ಹಾಗಿದ್ದರೆ ಎನಿಸಿತು.

ಬಾಯಿ ಮುಕ್ಕಳಿಸಿ ಬರುವಷ್ಟರಲ್ಲಿ ಮಾವ ಬಂದಿದ್ದರು. ಮುದ್ದೆಯನ್ನು ತೋರಿಸಿ ಕೇಳಿದೆ. ಅವರು ಮುಚ್ಚಿಡಲಿಲ್ಲ, ಮುಚ್ಚಿಡುವಂಥದ್ದೇನಿದೆ ಎಂದೇ ಅವರಿಗೆ ತಿಳಿಯಲಿಲ್ಲ. ಬೆಳಗ್ಗೆ ಯಂತ್ರ ಬಿಸಿಯೇರಲು ಒಂದು ಸಲ ಖಾಲಿ ಕಾಯಿಸಬೇಕು ಎಂದು ನಾನೇ ಹೇಳಿದ್ದೆನಂತೆ. ಅಷ್ಟು ಉಗಿ ಸುಮ್ಮನೆ ಹೋಗುತ್ತದಲ್ಲ ಎಂದು ಅವರಿಗೆ ಸಂಕಟವಾಯಿತಂತೆ. ಛತ್ರದಲ್ಲಿ ಬೆಳೆದ ಜೀವ, ಒಂದು ಕಡ್ಡಿ ಸೌದೆಯನ್ನೂ ದಂಡ ಮಾಡಿದವರಲ್ಲ. ಅದಕ್ಕೇ ಮೊದಲ ಉಗಿಗೆ ಇಡ್ಲಿ, ಆಮೇಲಿನ ಉಗಿಗೆ ಕತ್ತರಿ, ಬಟ್ಟೆ. ಹಿಟ್ಟು ಉಕ್ಕಿದಾಗ ಒಂದಿಷ್ಟು ತಳಕ್ಕೆ ಚೆಲ್ಲುತ್ತಿತ್ತು, ಟವೆಲ್ಲಿನಲ್ಲಿ ಒರೆಸುತ್ತಿದ್ದರು. ಇಡ್ಲಿಗೆ ಗಾಜ್ ಬಟ್ಟೆ ಮಾತ್ರ ಹೊಸದನ್ನೇ ತೆಗೆದುಕೊಳ್ಳುತ್ತಿದ್ದೆ ಎಂದು ದೇವರ ಮೇಲೆ ಆಣೆಯಿಟ್ಟರು. ನಂಬಬೇಕೆಂದು ಇವತ್ತಿಗೂ ಪ್ರಯತ್ನ ಮಾಡುತ್ತಿದ್ದೇನೆ.

"ಉಗೀಲಿ ಬೆಂದದ್ದಲ್ವಾ ಸಾರ್? ಇದ್ರೊಳಗೆ ಹೋಗಿಬಂದದ್ದೆಲ್ಲ ಶುದ್ಧ ಅಂತ ನೀವೇ ಹೇಳಿದ್ರಲ್ಲ" ಎಂದರು.

ಇಡ್ಲಿಯೇನೋ ಬೆಂದಿದೆ ಮಾವ, ಅದರ ಹಿಟ್ಟು ತೂತು ಮುಚ್ಚಿದ ಮೇಲೆ ಬಟ್ಟೆ ಬೆಂದಿಲ್ಲ, ಆ ಬಟ್ಟೆಯನ್ನೇ ಇಷ್ಟು ದಿನ ಎಲ್ಲರ ಗಾಯಕ್ಕೂ ಹಾಕಿದ್ದಾರೆ ಎಂದೆ. ಸಿಟ್ಟಿನಲ್ಲಿ ಹೇಳಿದೆ. ಬಾಯಲ್ಲಿನ್ನೂ ವಾಂತಿಯ ಹುಳಿಯಿತ್ತು. ಅವರು ಕೆಳಗಿನ ಡ್ರಮ್ಮಿನೊಳಗೆ ಕೈ ಹಾಕಿ ಬಟ್ಟೆ ಮುಟ್ಟಿ ನೋಡಿದರು. ಅಡುಗೆಯವರ ಕೈ, ಬೆಂದದ್ದು ಬೇಯದ್ದು ಆ ಕೈಗೆ ಗೊತ್ತಾಗುತ್ತದೆ. ಕೈ ತೆಗೆಯಲೇ ಇಲ್ಲ ಬಹಳ ಹೊತ್ತು.

"ಹಂಗಾದ್ರೆ ಬಿಳೇಕಹಳ್ಳಿ ಹುಡ್ಗಿ..." ಎಂದು ನೆಲದ ಮೇಲೆ ಕುಳಿತುಬಿಟ್ಟರು.

ನಾನು ಆ ಮುದ್ದೆಯನ್ನು ಪೇಪರಿನಲ್ಲಿ ಹಿಡಿದುಕೊಂಡು ದೊಡ್ಡ ಡಾಕ್ಟರ ರೂಮಿಗೆ ಹೋದೆ. ನರ್ಸುಗಳ ಮೇಲಿನವರಾದ ಮೇಟ್ರನ್ ಕೂಡ ಅಲ್ಲಿದ್ದರು. ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದೆ. ಡಾಕ್ಟರ ಮುಖದಲ್ಲಿ ಆಶ್ಚರ್ಯವನ್ನು ಹುಡುಕಿದೆ. ಇರಲಿಲ್ಲ. ಇಡ್ಲಿ ಎಲ್ಲಿ ಬೇಯುತ್ತಿತ್ತು ಎಂಬುದು ಅವರಿಗೆ ಮೊದಲ ದಿನದಿಂದ ಗೊತ್ತಿತ್ತು. ಮೇಟ್ರನ್ನಿಗೂ ಗೊತ್ತಿತ್ತು. ಬಾಗಿಲು ತೆಗೆದ ಕೂಡಲೇ ಬಿಸಿಬಿಸಿಯಾಗಿ ತಿಂದವರು ಅವರೇ. ಎಷ್ಟೆಷ್ಟೋ ಓದಿ ಬಂದ ಡಾಕ್ಟರು, ವಿಲಾಯಿತಿಯಿಂದ ತರಿಸಿದ ಪುಸ್ತಕಗಳು ಬೀರುವಿನ ತುಂಬ... ಹೊಟ್ಟೆಗೆ ಬೇಕಾದಾಗ ಎಲ್ಲವನ್ನೂ ಮಡಚಿಟ್ಟಿದ್ದರು.

ಅವರು ಪೇಪರನ್ನು ಬೆರಳ ತುದಿಯಲ್ಲಿ ಮಡಚಿ ಕಸದ ಬುಟ್ಟಿಗೆ ಹಾಕಿದರು. ರಬ್ಬರು ಹಾಳಾಗಿತ್ತು, ನೀವು ಬಂದು ಹೊಸದು ಹಾಕಿದಿರಿ, ವಿಷಯ ಮುಗಿಯಿತು ಎಂದರು. ಮೂಲೆ ಮಂಚದ ಹುಡುಗಿಯನ್ನು ಈಗಲೇ ಊರೊಳಗಿನ ದೊಡ್ಡಾಸ್ಪತ್ರೆಗೆ ಕಳಿಸಿ ಎಂದು ಮೇಟ್ರನ್ ಮೆಲ್ಲಗೆ ಅಂದರು. ಅವಳ ಜ್ವರ ತಾನಾಗಿ ಇಳಿಯುತ್ತದೆ, ಅಲ್ಲಿಗೆ ಕಳಿಸಿದರೆ ಹತ್ತು ಪ್ರಶ್ನೆ ಬರುತ್ತದೆ ಎಂದರು ಡಾಕ್ಟರು. ಪ್ರಶ್ನೆ ಬರಲಿ, ಹುಡುಗಿ ಉಳಿಯಲಿ ಎಂದೆ. ನಾನು ಮೆಕ್ಯಾನಿಕ್, ಆ ರೂಮಿನಲ್ಲಿ ನನಗೆ ಕುರ್ಚಿಯನ್ನೂ ಕೊಡುವ ವಾಡಿಕೆ ಇರಲಿಲ್ಲ.

"ನೀವೂ ತಿಂದಿದ್ದೀರಲ್ರೀ" ಎಂದರು ಡಾಕ್ಟರು, ನಗುತ್ತಲೇ. "ಉಂಡ ಮನೆ ಜಂತೆ ಎಣಿಸಬಾರದು."

ಆ ಗಾದೆಯನ್ನು ಅಷ್ಟು ಹೊಲಸು ಬಾಯಲ್ಲಿ ನಾನು ಮತ್ತೆ ಕೇಳಿಲ್ಲ. ಉಂಡವರೆಲ್ಲ ಬಾಯಿ ಮುಚ್ಚಿಕೊಂಡಿರಬೇಕಂತೆ. ಟ್ರಸ್ಟಿನವರಿಂದ ಹಿಡಿದು ಆ ಹುಡುಗಿಯವರೆಗೆ ಎಲ್ಲರೂ ಉಂಡವರೇ. ಹಾಗಿದ್ದರೆ ಇನ್ನು ಮಾತಾಡುವವರು ಯಾರು?

ಮಾತಾಡಿದವರು ಮಾವ. ಯಾವಾಗ ಬಂದಿದ್ದರೋ, ಬಾಗಿಲಲ್ಲಿ ನಿಂತಿದ್ದರು. ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಸೊಂಟಕ್ಕೆ ಸುತ್ತಿಕೊಂಡಿದ್ದರು.

"ಬಾಯ್ಲರಲ್ಲಿ ಇಡ್ಲಿ ಬೇಯ್ಸಿದ್ದು ನಾನು ಡಾಕ್ಟ್ರೇ. ಕದ್ದು ಬೇಯ್ಸಿದೆ, ನಿಮ್ಗ್ಯಾರ್ಗೂ ಗೊತ್ತಿರ್ಲಿಲ್ಲ ಅಂತ ಹೇಳ್ತೀನಿ. ಯಾರ್ ಕೇಳಿದ್ರೂ ಹಂಗೇ ಹೇಳ್ತೀನಿ. ಆ ಹುಡ್ಗೀನ ಕಳ್ಸಿಬಿಡಿ."

ಡಾಕ್ಟರು ಅವರನ್ನು ನೋಡಿದರು. ಆ ಮುಖ ಸಡಿಲವಾದದ್ದನ್ನು ನಾನು ಕಣ್ಣಾರೆ ಕಂಡೆ. ಸೆಖೆಯಲ್ಲಿ ಕಾಲರಿನ ಗುಂಡಿ ಬಿಚ್ಚಿಕೊಂಡಾಗ ಬರುತ್ತದಲ್ಲ, ಅಂಥ ನೆಮ್ಮದಿ. ಸಕ್ಷನ್ ಬಾಟಲಿಯಲ್ಲಾಗಲಿ ಜರಡಿಯಲ್ಲಾಗಲಿ ನಾನು ಅದಕ್ಕಿಂತ ಅಸಹ್ಯವಾದದ್ದನ್ನು ನೋಡಿಲ್ಲ. ಒಂದು ಕ್ಷಣದ ಹಿಂದೆ ಕಳಿಸಲಾಗದಿದ್ದ ಹುಡುಗಿಯನ್ನು ಕಳಿಸಲು ಮರುಕ್ಷಣವೇ ವ್ಯಾನಿಗೆ ಹೇಳಿದರು. ಜೊತೆಗೇ ಮಾವನಿಗೆ ಸಂಜೆಯೊಳಗೆ ಕೋಣೆ ಖಾಲಿ ಮಾಡಲು ಹೇಳಿದರು. ದನಿ ಎತ್ತರಿಸಿ ಹೇಳಿದರು, ವರಾಂಡದಲ್ಲಿದ್ದವರಿಗೆ ಕೇಳಬೇಕಲ್ಲ.

ಸ್ಟ್ರೆಚರನ್ನು ವ್ಯಾನಿಗೆ ಏರಿಸಲು ನಾನೂ ಒಂದು ಕೈ ಹಿಡಿದೆ. ಮಾವ ವ್ಯಾನಿನ ನೆಲದ ಮೇಲೆ ಕುಳಿತುಕೊಂಡರು. ಮಗುವನ್ನು ಎತ್ತಿಕೊಂಡು ಗಂಡ ಇನ್ನೊಂದು ಕಡೆ. ಏನಾಗುತ್ತಿದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ, ಅವನು ಎಲ್ಲರಿಗೂ ಕೈ ಮುಗಿಯುತ್ತಿದ್ದ. ಡಾಕ್ಟರಿಗೂ ಮುಗಿದ. ಅವರು ತಲೆಯಾಡಿಸಿ ಒಪ್ಪಿಸಿಕೊಂಡರು.

ಹುಡುಗಿ ದೊಡ್ಡಾಸ್ಪತ್ರೆಯಲ್ಲಿ ಕೆಲವು ದಿನ ಇದ್ದಳು. ಮಾವ ದಿನವೂ ಹೋಗುತ್ತಿದ್ದರಂತೆ, ಮೇಟ್ರನ್ ಹೇಳಿದರು. ತಿನ್ನಿಸಲು ಏನನ್ನೂ ಒಯ್ಯುತ್ತಿರಲಿಲ್ಲವಂತೆ. ಅವಳು ಮಾವ ಇಡ್ಲಿ ತಂದರಾ ಎಂದು ಕೇಳುತ್ತಿದ್ದಳಂತೆ. ಆಮೇಲೆ ಕೇಳುವುದನ್ನೂ ನಿಲ್ಲಿಸಿದಳು. ಕೀವು ರಕ್ತಕ್ಕೆ ಸೇರಿತ್ತು ಎಂದು ಅಲ್ಲಿಯವರು ಹೇಳಿದರಂತೆ. ಮಗುವನ್ನು ಅಜ್ಜಿ ಊರಿಗೆ ಕರೆದುಕೊಂಡು ಹೋದಳು. ಯಾವ ಪ್ರಶ್ನೆಯೂ ಬರಲಿಲ್ಲ. ಡಾಕ್ಟರು ಸುಮ್ಮನೆ ಹೆದರಿದ್ದರು. ಸೊಪ್ಪು ಮಾರುವವನ ಹೆಂಡತಿ ಸತ್ತರೆ ಕೇಳುವವರು ಯಾರು?

ಹೊಸ ಜರಡಿ ಹಾಕಲು ನಾನು ಮತ್ತೊಮ್ಮೆ ಅಲ್ಲಿಗೆ ಹೋಗಬೇಕಾಯಿತು. ವಾರ್ಡಿನ ಗಾಯಗಳು ಒಣಗುತ್ತಿದ್ದವು. ಆ ಸಿಹಿ ವಾಸನೆ ಹೋಗಿತ್ತು. ಬಾಯ್ಲರ್ ರೂಮಿನಲ್ಲಿ ಹೊಸ ಅಟೆಂಡರು ನಿಂತಿದ್ದ. ದೊಡ್ಡ ಡಾಕ್ಟರು ಕೈ ತೊಳೆದುಕೊಂಡು ಒರೆಸುತ್ತ ಬಂದರು, ಅವನನ್ನು ಮೇಲಿಂದ ಕೆಳಗೆ ನೋಡಿದರು.

"ಏನಯ್ಯ, ನಿಂಗೆ ಅಡಿಗೆ ಬರತ್ತಾ?" ಎಂದರು.

ನಾನು ಸ್ಪ್ಯಾನರ್ ಚೀಲಕ್ಕೆ ಹಾಕಿಕೊಂಡು ಬಂದುಬಿಟ್ಟೆ. ಆ ಆಸ್ಪತ್ರೆಗೆ ಇನ್ನು ನನ್ನನ್ನು ಕಳಿಸಬೇಡಿ ಎಂದು ಕಂಪನಿಯಲ್ಲಿ ಹೇಳಿದೆ. ಕಾರಣ ಕೇಳಿದರು. ಹೇಸಿಗೆ ಎಂದೆ. ಸಕ್ಷನ್ ಬಾಟಲಿ ತೊಳೆಯುವವನಿಗೆ ಎಂಥ ಹೇಸಿಗೆ ಎಂದು ಅವರು ನಕ್ಕರು, ಆದರೂ ಆ ಆಸ್ಪತ್ರೆಯನ್ನು ಇನ್ನೊಬ್ಬನಿಗೆ ಹಚ್ಚಿದರು.

ಕೆಲವು ವರ್ಷ ಕಳೆದ ಮೇಲೆ, ಅರವತ್ತರ ದಶಕದ ನಡುವೆ ಇರಬೇಕು, ತಲಘಟ್ಟಪುರದ ಕಡೆ ಒಂದು ಹೆರಿಗೆ ಆಸ್ಪತ್ರೆಯ ಕೆಲಸಕ್ಕೆ ಹೋಗುತ್ತಿದ್ದೆ. ಬನಶಂಕರಿ ದಾಟಿದರೆ ಆಗ ಎರಡೂ ಕಡೆ ರಾಗಿ ಹೊಲ. ರಸ್ತೆ ಬದಿಯಲ್ಲಿ ತಗಡಿನ ಮಾಡಿನ ಒಂದು ಹೋಟೆಲ್ಲು ಕಂಡಿತು, ಕಾಫಿಗೆ ಸೈಕಲ್ ನಿಲ್ಲಿಸಿದೆ. ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ತಿಂಡಿಗಳ ಹೆಸರು. ಖಾರಾಭಾತು, ಕೇಸರಿಭಾತು, ದೋಸೆ, ಪೂರಿ, ವಡೆ. ನನ್ನ ಪಕ್ಕದಲ್ಲಿ ಲಾರಿಯವನೊಬ್ಬ ಇಡ್ಲಿ ಕೇಳಿದ. ಇಲ್ಲವೆಂದರು. ಬೆಳಗಿನ ಹೊತ್ತಿನಲ್ಲಿ ಇಡ್ಲಿಯಿಲ್ಲದ ಹೋಟೆಲ್ಲೂ ಒಂದು ಹೋಟೆಲ್ಲೇ ಎಂದು ಅವನು ಗೊಣಗಿದ. ಅವನು ಹೇಳಿದ್ದು ಸರಿಯೇ, ನಮ್ಮ ಸೀಮೆಯಲ್ಲಿ ಅಂಥ ಹೋಟೆಲ್ಲನ್ನು ನಾನು ಮೊದಲು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

"ಮಾಡಲ್ಲ ಸ್ವಾಮಿ" ಎಂದ ದನಿ ಕೇಳಿ ತಿರುಗಿದೆ.

ಮಾವ ಸೊರಗಿದ್ದರು. ದುಂಡು ಮೈ ಇಳಿದು ಕೊರಳ ಚರ್ಮ ಜೋತಿತ್ತು. ನನ್ನನ್ನು ಗುರುತಿಸಿ, ಏನೂ ಕೇಳದೆ ಒಳಗೆ ಹೋಗಿ ಖಾರಾಭಾತು ತಂದಿಟ್ಟರು. ತುಪ್ಪದ ಘಮ ಬರುತ್ತಿತ್ತು. ತುತ್ತು ಎತ್ತಿದೆ, ಮತ್ತೆ ತಟ್ಟೆಗೇ ಇಟ್ಟೆ. ಮನಸ್ಸು ತಿನ್ನು ತಿನ್ನು ಎನ್ನುತ್ತಿತ್ತು, ಹೊಟ್ಟೆ ಒಪ್ಪಲಿಲ್ಲ. ಅವರು ನೋಡಿದರು. ತಟ್ಟೆ ತೆಗೆದುಕೊಂಡು ಹೋಗಿ ಕಾಫಿ ಲೋಟ ಹಿಡಿದು ಬಂದರು. ನನ್ನ ಕಣ್ಣೆದುರಿಗೆ ಆ ಲೋಟಕ್ಕೆ ಕುದಿಯುವ ನೀರು ಹುಯ್ದರು, ಚೆಲ್ಲಿದರು, ಮತ್ತೆ ಹುಯ್ದರು. ಬಿಸಿಗೆ ಬೆರಳು ಕೆಂಪಗಾದರೂ ಬಿಡಲಿಲ್ಲ. ಸಾಕು ಮಾವ ಎಂದೆ. ಕಾಫಿ ಕುಡಿದೆ.

ಹೊರಟಾಗ ಸೈಕಲ್ಲಿನ ತನಕ ಬಂದರು. ಬಿಳೇಕಹಳ್ಳಿಯ ಮಗು ಸ್ಕೂಲಿಗೆ ಸೇರಿದೆ ಎಂದರು. ತಾವು ಹಬ್ಬಕ್ಕೆ ಬಟ್ಟೆ ಕೊಡಲು ಹೋಗುತ್ತಾರಂತೆ, ಅದರ ಅಪ್ಪ ಬನ್ನಿ ಮಾವ ಎಂದು ಕೂರಿಸಿ ಊಟ ಹಾಕುತ್ತಾನಂತೆ.

"ಅವ್ನಿಗಿನ್ನೂ ಗೊತ್ತಿಲ್ಲ ಸಾರ್" ಎಂದರು. "ಹೇಳ್ಬೇಕು ಅಂತ್ಲೇ ಹೋಗ್ತೀನಿ ಪ್ರತಿ ಸಲ..."

ಹೇಳಿದರೋ ಇಲ್ಲವೋ ನನಗೆ ತಿಳಿಯಲಿಲ್ಲ. ಮುಂದಿನ ಸಲ ಆ ದಾರಿಯಲ್ಲಿ ಹೋದಾಗ ಹೋಟೆಲ್ಲು ಬೇರೆಯವರ ಕೈಯಲ್ಲಿತ್ತು, ಹಲಗೆಯ ಮೇಲೆ ಇಡ್ಲಿ ಎಂದು ಬರೆದಿತ್ತು. ಕೇಳಿದರೆ, ಅಜ್ಜ ಮಳೆಗಾಲದಲ್ಲಿ ತೀರಿಕೊಂಡರು ಎಂದರು.

ಈಗ ಆ ಜಾಗದಲ್ಲಿ ಏನಿದೆಯೋ, ಮೆಟ್ರೋದ ಕಂಬಗಳ ನಡುವೆ ನನಗೆ ಗುರುತೇ ಹತ್ತುವುದಿಲ್ಲ. ಡಾಕ್ಟರು ಹೋದರು, ಮೇಟ್ರನ್ ಹೋದರು. ಆ ರೂಮಿನಲ್ಲಿ ನಿಂತು ಬೆರಳು ನೆಕ್ಕಿದವರಲ್ಲಿ ಉಳಿದಿರುವವನು ನಾನೊಬ್ಬನೇ ಇರಬೇಕು. ಮಾವನನ್ನು ನೆನೆದರೆ ಕಣ್ಣೂ ತುಂಬುತ್ತದೆ, ಹೊಟ್ಟೆಯೂ ತೊಳಸುತ್ತದೆ. ಎರಡನ್ನೂ ಬೇರೆ ಮಾಡಲು ಇಷ್ಟು ವರ್ಷವಾದರೂ ನನ್ನಿಂದ ಆಗಿಲ್ಲ. ಒಂದು ಮಾತನ್ನು ಮಾತ್ರ ಮನೆಯಲ್ಲಿ ಯಾರಿಗೂ ಹೇಳಿಲ್ಲ. ಆ ಇಡ್ಲಿಯಷ್ಟು ರುಚಿಯಾದದ್ದನ್ನು ನಾನು ಜೀವಮಾನದಲ್ಲಿ ಮತ್ತೆ ತಿಂದಿಲ್ಲ. ಅದರ ರುಚಿ ಇನ್ನೂ ನಾಲಿಗೆಯ ಮೇಲಿದೆ. ಛೀ.